ನೆನಪಿಗೂ ಒಂದು ಅಕ್ರಮ-ಸಕ್ರಮ

ಸರ್ಕಾರಕ್ಕೆ ದುಡ್ಡು ಬೇಕಾಗಿದೆ. ಯಾವಾಗ ಬೇಕಿರಲಿಲ್ಲ ಅನ್ನಬೇಡಿ, ಈಗ ಸ್ವಲ್ಪ ಜಾಸ್ತಿ ಬೇಕಾಗಿದೆ. ಬೆಂಗಳೂರಿಗೆ ಒಂದಿದ್ದ ಪಾಲಿಕೆ ಐದಾಗಿದೆ. ಐದು ಕಚೇರಿ, ಐದು ಬೋರ್ಡು, ಐದು ಕಡೆ ತಿರುಗುವ ಕುರ್ಚಿ. ಕಸಕ್ಕೆ ಶುಲ್ಕ ಹಾಕಿ ಆಯಿತು, ನೀರಿನ ದರ ಏರಿಸಿ ಆಯಿತು. ಇನ್ನು ಯಾವುದರ ಮೇಲೆ ಹಾಕೋಣ ಅಂತ ತಲೆ ಕೆರೆದುಕೊಳ್ಳುತ್ತಿರುವ ಅಧಿಕಾರಿಗಳಿಗೆ ನನ್ನದೊಂದು ಸಲಹೆ ಇದೆ. ಈ ಊರಿನಲ್ಲಿ ಇದುವರೆಗೆ ಯಾರೂ ಅಳತೆ ಮಾಡದ, ಖಾತೆ ಇಲ್ಲದ, ಕಂದಾಯ ಕಟ್ಟದ ಒಂದು ಆಸ್ತಿ ಇದೆ. ಅದು ನಲವತ್ತೈದು ದಾಟಿದ ಗಂಡಸರ ಟೆಸ್ಟ್ ಕ್ರಿಕೆಟ್ ನೆನಪು.

ಪತ್ತೆ ಹಚ್ಚುವುದು ಕಷ್ಟವೇನಲ್ಲ. ಯಾವುದಾದರೂ ದರ್ಶಿನಿಯ ಮುಂದೆ ಬೈಟು ಕಾಫಿ ಹಿಡಿದು ನಿಂತು, "ಈಗೆಲ್ಲಿ ಬಿಡಿ ಸಾರ್ ಆ ಕ್ರಿಕೆಟ್ಟು" ಅನ್ನಿ ಸಾಕು. ಪಕ್ಕದಲ್ಲಿ ವಡೆ ಅದ್ದುತ್ತಿದ್ದವರು ತಟ್ಟೆ ಕೆಳಗಿಟ್ಟು ಹತ್ತಿರ ಬರುತ್ತಾರೆ.

"2001ರ ಕೋಲ್ಕತ್ತ ಟೆಸ್ಟ್ ನೋಡಿದ್ರಾ ಸಾರ್?"

"ನೋಡಿದ್ರಾ ಅಂತ ಕೇಳ್ತೀರಲ್ಲ! ಒಂದೇ ಒಂದು ಬಾಲ್ ಬಿಟ್ಟಿಲ್ಲ."

ಇಲ್ಲಿಂದಲೇ ಸರ್ವೆ ಶುರು ಮಾಡಬಹುದು. ಲಕ್ಷ್ಮಣ್ ಮತ್ತು ದ್ರಾವಿಡ್ ಇಡೀ ದಿನ ಔಟಾಗದೆ ಆಡಿದ್ದು ಮಾರ್ಚ್ 14ರಂದು. ಆಸ್ಟ್ರೇಲಿಯಾದವರು 16 ಟೆಸ್ಟ್ ಸತತವಾಗಿ ಗೆದ್ದು ಬಂದಿದ್ದರು, ನಾವು ಮೊದಲ ಇನಿಂಗ್ಸಿನಲ್ಲಿ ತೀರಾ ಹಿಂದೆ ಬಿದ್ದು ತಕ್ಷಣ ಮತ್ತೆ ಬ್ಯಾಟಿಂಗಿಗೆ ಇಳಿಯಬೇಕಾಗಿ ಬಂದು, ಅಂದರೆ ಫಾಲೋ ಆನ್ ಆಗಿದ್ದೆವು. ಆ ದಿನ 90 ಓವರ್, 335 ರನ್, ಒಂದೂ ವಿಕೆಟ್ ಇಲ್ಲ. ಅಂದರೆ 540 ಬಾಲ್. ಒಪ್ಪಿದೆ. ಆದರೆ ಅವತ್ತು ಬುಧವಾರ. ಬೆಂಗಳೂರಿನ ಅರ್ಧ ಊರು 540 ಬಾಲನ್ನೂ ನೋಡಿದೆ ಎಂದಾದರೆ, ಬ್ಯಾಂಕಿನಲ್ಲಿ ಚೆಕ್ ಪಾಸ್ ಮಾಡಿದವರು ಯಾರು? ಬಸ್ ಓಡಿಸಿದವರು ಯಾರು? ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿಯೂ ಇದೆ, ಟಿವಿ ಮುಂದೆಯೂ ಎಲ್ಲರೂ ಇದ್ದಾರೆ. ಒಂದೋ ಸಂಬಳ ಅಕ್ರಮ, ಇಲ್ಲವೇ ನೆನಪು ಅಕ್ರಮ. ಖಜಾನೆಗೆ ಎರಡೂ ಲಾಭವೇ.

ಇನ್ನೊಂದು ವಿಷಯ. ಅದು ಮಾರ್ಚ್ ತಿಂಗಳು. ಮಕ್ಕಳ ಪರೀಕ್ಷೆ ಕಾಲ. ಆ ಕಾಲದ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಫೆಬ್ರವರಿ ಬಂತೆಂದರೆ ಕೇಬಲ್ ತೆಗೆಸುತ್ತಿದ್ದರು. ಟಿವಿ ಮೇಲೆ ಕಸೂತಿ ಹಾಕಿದ ಬಟ್ಟೆ ಇಳಿಬೀಳುತ್ತಿತ್ತು. ಅಮ್ಮ ಅದರ ಮುಂದೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಜೊತೆಗೆ ಬೇಸಿಗೆಯ ಕರೆಂಟ್ ಕಟ್ ಬೇರೆ. ಆದರೆ ಯಾರ ನೆನಪಿನಲ್ಲೂ ಕರೆಂಟ್ ಹೋಗುವುದಿಲ್ಲ, ಗಮನಿಸಿದ್ದೀರಾ? ಮದುವೆ ಮುಹೂರ್ತದಲ್ಲಿ ಕರೆಂಟ್ ಹೋದದ್ದು ನೆನಪಿದೆ, ಎಸ್ಸೆಸ್ಸೆಲ್ಸಿಗೆ ಓದುವಾಗ ಹೋದದ್ದು ನೆನಪಿದೆ. ಲಕ್ಷ್ಮಣ್ 281 ಹೊಡೆಯುವಾಗ ಮಾತ್ರ ವಿದ್ಯುತ್ ಇಲಾಖೆಯವರೂ ಕೆಲಸ ಬಿಟ್ಟು ಮ್ಯಾಚ್ ನೋಡುತ್ತಿದ್ದರು ಅಂತ ಕಾಣುತ್ತದೆ.

ಹಾಗಾಗಿ ಯೋಜನೆ ಬೇಕೇ ಬೇಕು. ಮಾದರಿ ರೆಡಿ ಇದೆ. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಕಟ್ಟಡಗಳ ಅಕ್ರಮ-ಸಕ್ರಮದಲ್ಲಿ ಮನೆಗಾದರೆ ಶೇಕಡಾ 50ರವರೆಗೆ ಉಲ್ಲಂಘನೆಗೆ ಮಾಫಿ, ಅಂಗಡಿ ಮುಂಗಟ್ಟಿಗಾದರೆ 25ರವರೆಗೆ ಅಂತ ಇತ್ತಲ್ಲ, ಅದನ್ನೇ ಇಲ್ಲಿಗೂ ತರಬಹುದು. ಮನೆಯಲ್ಲಿ, ಹೆಂಡತಿ ಮಕ್ಕಳ ಮುಂದೆ ಹೇಳುವ ಗೃಹಬಳಕೆಯ ನೆನಪಿನಲ್ಲಿ ಅರ್ಧದಷ್ಟು ಸುಳ್ಳಿದ್ದರೂ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಲಿ. ಮೈಕ್ ಇಟ್ಟುಕೊಂಡು ಯೂಟ್ಯೂಬಿನಲ್ಲಿ ಹೇಳುವ ವಾಣಿಜ್ಯ ನೆನಪಿಗೆ ಕಾಲು ಭಾಗ ಮಾತ್ರ. ಕಟ್ಟಡಗಳ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಇದಕ್ಕೆ ಆ ಭಯ ಇಲ್ಲ. ಕೋರ್ಟಿನ ಕಾರಿಡಾರಿನಲ್ಲೂ ಕೋಲ್ಕತ್ತ ಟೆಸ್ಟ್ ಪೂರ್ತಿ ನೋಡಿದವರೇ ತುಂಬಿರುತ್ತಾರೆ.

ನಿಜವಾಗಿಯೂ ನೋಡಿದವರಿಗೆ, ದಾಖಲೆ ಎಲ್ಲ ಸರಿಯಿರುವ ಆಸ್ತಿಗೆ ಕೊಡುವ ಹಾಗೆ, ಎ ಖಾತಾ. ಸಂಜೆ ಹೈಲೈಟ್ಸ್ ನೋಡಿ, ಮಾರನೇ ದಿನ ಪೇಪರ್ ಓದಿ, ಆಮೇಲೆ ಮೊಬೈಲಿನಲ್ಲಿ ತುಣುಕು ನೋಡಿ ಮೂರನ್ನೂ ಸೇರಿಸಿ ಮಹಡಿ ಎಬ್ಬಿಸಿದವರಿಗೆ ಬಿ ಖಾತಾ. ಬಿ ಖಾತಾದವರು ನೆನಪನ್ನು ಅನುಭವಿಸಬಹುದು, ಆದರೆ ಮಕ್ಕಳ ಹೆಸರಿಗೆ ವರ್ಗ ಮಾಡುವಂತಿಲ್ಲ. ಎಷ್ಟೋ ಹುಡುಗರು ಈಗಾಗಲೇ "ನಮ್ಮಪ್ಪ ಒಂದು ಬಾಲ್ ಬಿಟ್ಟಿಲ್ಲ ಮಗಾ" ಅಂತ ಕಾಲೇಜು ಕ್ಯಾಂಟೀನಿನಲ್ಲಿ ಹೇಳಿಕೊಂಡು ಓಡಾಡುತ್ತಿದ್ದಾರೆ. ಅವೆಲ್ಲ ನೋಂದಣಿ ಆಗದ ವ್ಯವಹಾರ.

ಚಿನ್ನಸ್ವಾಮಿ ಸ್ಟೇಡಿಯಂ ವಾರ್ಡಿಗೆ ಪ್ರತ್ಯೇಕ ಅಧಿಕಾರಿ ಬೇಕಾಗುತ್ತದೆ. 1987ರ ಮಾರ್ಚ್, ಪಾಕಿಸ್ತಾನದ ಮೇಲಿನ ಟೆಸ್ಟ್. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಅವರನ್ನು 116ಕ್ಕೆ ಉರುಳಿಸಿದ್ದು, ಕೊನೆಗೆ 221 ಹೊಡೆಯಲಾಗದೆ ನಾವು 16 ರನ್ನಿನಿಂದ ಸೋತದ್ದು, ಗವಾಸ್ಕರ್ ತಮ್ಮ ಕಡೇ ಟೆಸ್ಟ್ ಇನಿಂಗ್ಸಿನಲ್ಲಿ 96ಕ್ಕೆ ಔಟಾದದ್ದು, ಇದೆಲ್ಲ ದಾಖಲೆಯಲ್ಲಿದೆ. ದಾಖಲೆಯಲ್ಲಿ ಇಲ್ಲದ್ದು ಪ್ರೇಕ್ಷಕರ ನಿಜವಾದ ಸಂಖ್ಯೆ. ಆ ದಿನ ಒಳಗಿದ್ದೆ ಅನ್ನುವವರನ್ನೆಲ್ಲ ಕೂರಿಸಬೇಕಾದರೆ ಕಬ್ಬನ್ ಪಾರ್ಕ್ ಕಡಿದು ಗ್ಯಾಲರಿ ಕಟ್ಟಬೇಕು. ಅದರಲ್ಲೂ ಎಲ್ಲರೂ ಪಿಚ್ಚಿನ ನೇರಕ್ಕೇ ಕೂತಿದ್ದವರು. "ಆ ಬಾಲು ಬ್ಯಾಟಿಗೆ ತಾಗೇ ಇಲ್ಲ ರೀ, ನಾನು ಕಣ್ಣಾರೆ ನೋಡಿದೀನಿ" ಅನ್ನುತ್ತಾರೆ. ಅಷ್ಟು ದೂರದಿಂದ, ಅಷ್ಟು ಜನರ ತಲೆಗಳ ನಡುವೆ! ಅದೇ ಕಣ್ಣಿಗೆ ಈಗ ಎದುರಿಗೆ ಬರುವ ಬಸ್ಸಿನ ನಂಬರ್ ಕಾಣುವುದಿಲ್ಲ.

ಇವೆಲ್ಲ ಮನೆ ಸುತ್ತ ಬಿಡಬೇಕಾದ ಜಾಗ ಬಿಡದ ಸೆಟ್‌ಬ್ಯಾಕ್ ಉಲ್ಲಂಘನೆ, ದಂಡದಲ್ಲಿ ಮುಗಿಯುತ್ತದೆ. ಪೂರ್ತಿ ಕೆಡವಲೇಬೇಕಾದ ಕಟ್ಟಡಗಳೂ ಇವೆ. ಲಾಲ್‌ಬಾಗಿನಲ್ಲಿ ಬೆಳಗ್ಗೆ ವಾಕಿಂಗ್ ಬರುವ ಹಿರಿಯರ ಗುಂಪಿನಲ್ಲಿ ಒಬ್ಬರಿದ್ದಾರೆ. 1971ರ ಓವಲ್ ಟೆಸ್ಟಿನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದನ್ನು ಟಿವಿಯಲ್ಲಿ ನೋಡಿದ್ದಾರಂತೆ. ಆಗ ಇಡೀ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಮುಂಬೈಗೇ ಬಂದದ್ದು 1972ರಲ್ಲಿ. ಬೆಂಗಳೂರು ಇನ್ನೂ ರೇಡಿಯೋದ ಕಿವಿ ಹಿಂಡುತ್ತಿತ್ತು. ಇದನ್ನು ಯಾರೋ ಹೇಳಿದ್ದಕ್ಕೆ ಅವರು ಸ್ವಲ್ಪವೂ ಬೆದರದೆ, "ಬ್ಲ್ಯಾಕ್ ಅಂಡ್ ವೈಟ್ ಕಣ್ರೀ, ಅದಕ್ಕೇ ನಿಮಗೆ ಗೊತ್ತಿಲ್ಲ" ಅಂದರು.

ಇದಕ್ಕಿಂತ ದೊಡ್ಡದು 1983ರ ಟನ್‌ಬ್ರಿಜ್ ವೆಲ್ಸ್. ಇಂಗ್ಲೆಂಡಿನಲ್ಲಿ ನಡೆದ ಆ ವಿಶ್ವಕಪ್ ಪಂದ್ಯ ಟೆಸ್ಟ್ ಅಲ್ಲ ನಿಜ. ಆದರೆ ಒತ್ತುವರಿ ತೆರವಿಗೆ ಹೋದ ಜೆಸಿಬಿ ಪಕ್ಕದ ಸೈಟನ್ನೂ ನೋಡಿಕೊಂಡು ಬರಬೇಕಲ್ಲ. 17 ರನ್ನಿಗೆ 5 ವಿಕೆಟ್ ಹೋದ ಮೇಲೆ ಕಪಿಲ್ ದೇವ್ ಔಟಾಗದೆ 175 ಹೊಡೆದ ಆ ಮ್ಯಾಚಿನಲ್ಲಿ ಟಿವಿ ಕ್ಯಾಮೆರಾನೇ ಇರಲಿಲ್ಲ. ಜಗತ್ತಿನಲ್ಲಿ ಅದರ ಟಿವಿ ದೃಶ್ಯವೇ ಇಲ್ಲ. ಆದರೂ ಜಯನಗರ, ಮಲ್ಲೇಶ್ವರದಲ್ಲಿ ಅದನ್ನು ಲೈವ್ ನೋಡಿದವರು ಸಿಗುತ್ತಾರೆ. ಇದು ರಾಜಕಾಲುವೆ ಮೇಲೆ ಕಟ್ಟಿದ ಅಪಾರ್ಟ್‌ಮೆಂಟ್. ಸಕ್ರಮದ ಮಾತೇ ಇಲ್ಲ, ನೋಟಿಸ್ ಅಂಟಿಸಿ ಒಡೆಯುವುದೇ. ನಮ್ಮೂರಲ್ಲೇ ಓದಿದ ದ್ರಾವಿಡ್‌ಗೆ ಕ್ಲಾಸ್‌ಮೇಟ್ ಆಗಿದ್ದೆ ಅನ್ನುವವರನ್ನೂ ಈ ಪಟ್ಟಿಗೇ ಸೇರಿಸಬೇಕು. ಒಂದು ಕ್ಲಾಸಿನಲ್ಲಿ ಎಷ್ಟು ಹುಡುಗರು ಓದಬಹುದು ಎಂಬುದಕ್ಕೂ ಒಂದು ಮಿತಿ ಬೇಡವೇ?

ತಪ್ಪೆಲ್ಲ ಇವರದೇ ಅಂತಲೂ ಹೇಳಲಾರೆ. ದೂರದರ್ಶನ ತೋರಿಸಿದ್ದಾದರೂ ಏನು? ಹಿಮ ಸುರಿಯುತ್ತಿರುವಂಥ ಪರದೆ. ವಿಕೆಟ್ ಬೀಳುವ ಹೊತ್ತಿಗೆ ಸರಿಯಾಗಿ 'ರುಕಾವಟ್ ಕೆ ಲಿಯೇ ಖೇದ್ ಹೈ', ಅಂದರೆ ಅಡಚಣೆಗೆ ವಿಷಾದ. ಇಲ್ಲವೇ ವಾರ್ತೆ. ಜಾಹೀರಾತು ಮುಗಿಸಿ ಬರುವಷ್ಟರಲ್ಲಿ ಓವರಿನ ಮೊದಲ ಬಾಲು ಹೋಗಿಯೇ ಬಿಟ್ಟಿರುತ್ತಿತ್ತು. ಉಳಿದದ್ದನ್ನು ನಾವೇ ತುಂಬಿಕೊಳ್ಳಬೇಕಿತ್ತು. ಕೆಲವರು ಧಾರಾಳವಾಗಿ ತುಂಬಿದರು. ಈಗ ಪ್ರತಿ ಬಾಲಿಗೂ ಹತ್ತು ದಿಕ್ಕಿನಿಂದ ಚಿತ್ರ ಬರುತ್ತದೆ, ಬ್ಯಾಟಿಗೆ ತಾಗಿತೇ ಎಂದು ಗೆರೆ ಹಾಕಿ ತೋರಿಸುತ್ತಾರೆ. ಸುಳ್ಳಿಗೆ ಜಾಗವೇ ಇಲ್ಲ. ಬಹುಶಃ ಅದಕ್ಕೇ ಯಾರೂ ಕೂತು ನೋಡುವುದಿಲ್ಲ. 540 ಬಾಲ್ ಬಿಡದೆ ನೋಡಿದವರು ಇವತ್ತು ಒಂದು ಓವರ್ ಮುಗಿಯುವುದರೊಳಗೆ ಮೂರು ರೀಲ್ಸ್ ನೋಡಿ, ಎರಡು ಗುಡ್ ಮಾರ್ನಿಂಗ್ ಫಾರ್ವರ್ಡ್ ಮಾಡಿ, "ಟೆಸ್ಟ್ ಕ್ರಿಕೆಟ್ ಅಂದ್ರೆ ತಾಳ್ಮೆ" ಅಂತ ಸ್ಟೇಟಸ್ ಹಾಕಿರುತ್ತಾರೆ.

ಯೋಜನೆಯಲ್ಲಿ ಒಂದು ವರ್ಗಕ್ಕೆ ಮಾತ್ರ ದಂಡ ಹಾಕಬಾರದು, ಬದಲಿಗೆ ಪಿಂಚಣಿ ಕೊಡಬೇಕು ಅಂತ ನನ್ನ ಅಭಿಪ್ರಾಯ. ಅವರು ನೋಡದೆ ಗೆಲ್ಲಿಸಿದವರು. ಪ್ರತಿ ಮನೆಯಲ್ಲೂ ಒಬ್ಬ ಇಂಥ ಬಡಪಾಯಿ ಇದ್ದ. ಅವನು ಟಿವಿ ಇರುವ ಕೋಣೆಗೆ ಕಾಲಿಟ್ಟರೆ ವಿಕೆಟ್ ಬೀಳುತ್ತದೆ ಎಂದು ಹಿಂದೆ ಯಾವತ್ತೋ ತೀರ್ಮಾನವಾಗಿರುತ್ತಿತ್ತು. ಅಲ್ಲಿಗೆ ಅವನ ಕತೆ ಮುಗಿಯಿತು. ಮನೆಯಲ್ಲಿ ಎಲ್ಲರೂ ಟಿವಿ ಮುಂದೆ, ಅವನು ಜಗಲಿಯಲ್ಲಿ. "ಸ್ಕೋರ್ ಎಷ್ಟಾಯ್ತು?" ಅಂತ ಕಿಟಕಿಯಿಂದ ಇಣುಕಿದರೆ, "ಹೋಗೋ ಆಚೆ, ಈಗ ತಾನೇ ಸೆಟ್ ಆಗಿದ್ದಾರೆ!" ಕೋಲ್ಕತ್ತದಲ್ಲಿ ಇಡೀ ದಿನ ವಿಕೆಟ್ ಬೀಳಲಿಲ್ಲ. ಅಂದರೆ ಅವನು ಇಡೀ ದಿನ ಒಳಗೆ ಬರಲಿಲ್ಲ. ಮಾರಿ ಬಿಸ್ಕತ್ತು ಕೂಡ ಕಿಟಕಿಯಿಂದಲೇ ಕೊಟ್ಟರು. ಮಾಳಿಗೆ ಮೇಲೆ ಆಂಟೆನಾ ಹಿಡಿದು ನಿಂತವನದೂ ಇದೇ ಪಾಡು. "ಬಂತಾ?" "ಬಂತು... ಹೋಯ್ತು... ಹಾಂ, ಹಾಗೇ ಹಿಡ್ಕೋ, ಅಲ್ಲಾಡ್ಬೇಡ!" ಅವನು ಅಲ್ಲಾಡಲಿಲ್ಲ. ಲಕ್ಷ್ಮಣ್-ದ್ರಾವಿಡರ 376 ರನ್ನಿನ ಜೊತೆಯಾಟದಲ್ಲಿ ಇವರಿಬ್ಬರ ಪಾಲು ಎಷ್ಟು ಅಂತ ಯಾವ ಸ್ಕೋರ್ ಬೋರ್ಡೂ ಬರೆದಿಲ್ಲ. ಒಂದು ಸಿಟಿ ಬಸ್ ಪಾಸಾದರೂ ಕೊಡಿ.

ಆಕ್ಷೇಪಣೆ ಸಲ್ಲಿಸಲು 30 ದಿನ ಅವಕಾಶ ಇರಬೇಕು. ಹೆಂಡತಿಯರಿಗೆ ಆದ್ಯತೆ. ಅವರ ಬಳಿ ಇರುವ ಸಾಕ್ಷ್ಯ ಯಾವ ಸ್ಯಾಟಲೈಟ್ ನಕ್ಷೆಯಲ್ಲೂ ಇಲ್ಲ. "2003ರಲ್ಲಿ ಅಡಿಲೇಡಿನಲ್ಲಿ ದ್ರಾವಿಡ್ 233 ಹೊಡೆದದ್ದನ್ನು ಕೋಳಿ ಕೂಗುವ ಮೊದಲೇ ಎದ್ದು ನೋಡಿದೆ ಅಂತಾರೆ. ಇವರು ಇಪ್ಪತ್ತು ವರ್ಷದಲ್ಲಿ ಒಂದು ದಿನ ಹಾಲು ತರೋಕೆ ಎದ್ದಿಲ್ಲ" ಎಂದು ಒಬ್ಬರು ಬರೆದುಕೊಟ್ಟರೆ ಅರ್ಜಿ ಅಲ್ಲಿಗೇ ವಜಾ. 2021ರಲ್ಲಿ ಆಸ್ಟ್ರೇಲಿಯಾದ ಗ್ಯಾಬಾ ಮೈದಾನದಲ್ಲಿ ನಡೆದ ಟೆಸ್ಟ್ ಬಗ್ಗೆಯಂತೂ ಆಕ್ಷೇಪಣೆಗಳ ಮಹಾಪೂರವೇ ಬರುತ್ತದೆ. 2020ರ ಡಿಸೆಂಬರ್ 19ಕ್ಕೆ ಅಡಿಲೇಡಿನಲ್ಲಿ 36ಕ್ಕೆ ನಮ್ಮ ಇನಿಂಗ್ಸ್ ಮುಗಿದಾಗ ಇವರೆಲ್ಲ ರಿಮೋಟ್ ಎಸೆದು, ಈ ತಂಡಕ್ಕೆ ಎಳ್ಳುನೀರು ಬಿಟ್ಟವರು. ಸರಿಯಾಗಿ ಒಂದು ತಿಂಗಳಿಗೆ, ಜನವರಿ 19ಕ್ಕೆ, ಪಂತ್ ಔಟಾಗದೆ 89 ಹೊಡೆದು 328 ರನ್ ಬೆನ್ನಟ್ಟಿ ಗೆಲ್ಲಿಸಿದಾಗ, "ನಾನು ಅವತ್ತೇ ಹೇಳಿದ್ನಲ್ಲ" ಅಂದವರೂ ಇವರೇ. ಮನೆಯಿಂದಲೇ ಆಫೀಸ್ ಕೆಲಸ ನಡೆಯುತ್ತಿದ್ದ ಕಾಲ ಅದು. ಹಾಗಾಗಿ ಈ ಒಂದು ಟೆಸ್ಟನ್ನು ಕಚೇರಿ ಸಮಯದಲ್ಲಿ ನೋಡಿದ್ದು ನಿಜವೇ ಇರಬಹುದು. ಇದಕ್ಕೆ ಬಾಸ್‌ಗಳಿಂದ ಪ್ರತ್ಯೇಕ ಆಕ್ಷೇಪಣೆ ಬರಲಿದೆ.

ಕೊನೆಗೆ ಒಂದು ತೊಡಕಿದೆ. ಯೋಜನೆ ಜಾರಿಯಾದ ದಿನವೇ ಒಂದು ಕೌಂಟರ್ ಖಾಲಿ ಹೊಡೆಯುವುದು ಖಚಿತ. 2024ರ ಅಕ್ಟೋಬರ್ 17, ನಮ್ಮದೇ ಚಿನ್ನಸ್ವಾಮಿ, ನ್ಯೂಜಿಲೆಂಡ್ ಮೇಲೆ ಭಾರತ 46ಕ್ಕೆ ಆಲೌಟ್. ತವರಿನಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ನೋಡಿದವರು ಯಾರೂ ಇಲ್ಲ. ಟಿಕೆಟ್ ತಗೊಂಡವರು ಮಳೆ ಅಂತ ಹೋಗಲಿಲ್ಲ, ಟಿವಿ ಇದ್ದವರ ಮನೆಯಲ್ಲಿ ಕರೆಂಟ್ ಇರಲಿಲ್ಲ. ನೋಡಿ, ಕೊನೆಗೂ ಕರೆಂಟ್ ಹೋಯಿತು!

ಇಲ್ಲ, ತಪ್ಪಿದರೆ ಒಂದು ಅರ್ಜಿ ಬರಬಹುದು. ಆ ಟೆಸ್ಟಿನಲ್ಲಿ 134 ಹೊಡೆದ ನ್ಯೂಜಿಲೆಂಡಿನ ರಚಿನ್ ರವೀಂದ್ರ ಅವರ ತಂದೆ ನಮ್ಮ ಬೆಂಗಳೂರಿನವರು, ಆದ್ದರಿಂದ ಗೆದ್ದದ್ದು ಒಂದು ಲೆಕ್ಕದಲ್ಲಿ ನಾವೇ, ಹಾಗಾಗಿ ನನಗೆ ಎ ಖಾತಾ ಕೊಡತಕ್ಕದ್ದು ಎಂದು. ಅರ್ಜಿದಾರರು ಆ ತಂದೆಯ ಕ್ಲಾಸ್‌ಮೇಟ್ ಆಗಿರುತ್ತಾರೆ.