ಮನೆ ಹಾನಿಯ ಫೋಟೊ ತೆಗೆಯುವಾಗ ಕೈಯಲ್ಲಿ ಟೇಪೂ ಇರಲಿ

ಮಳೆಗಾಲ ಬಂತೆಂದರೆ ನಮ್ಮ ಉತ್ತರ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಿದ್ದ ಮನೆಗಳ ಫೋಟೊಗಳು ಓಡಾಡುತ್ತವೆ. ಮುರಿದ ಮಾಡಿನ (ಚಾವಣಿಯ) ಎದುರು ಮನೆಯವರು ನಿಂತ ಒಂದು ಫೋಟೊ, ಒಳಗೆ ಕೆಸರು ತುಂಬಿದ ಇನ್ನೊಂದು, ಹತ್ತು ಕೈ ದಾಟಿ ಮಸುಕಾದ ಮತ್ತೊಂದು. ಸುದ್ದಿಗೆ ಅಷ್ಟು ಸಾಕು. ಆದರೆ ಅದೇ ಫೋಟೊಗಳನ್ನು ಎದುರಿಗಿಟ್ಟುಕೊಂಡು ರಿಪೇರಿಯ ಎಸ್ಟಿಮೇಟ್ ಬರೆಯಲು ಕೂತ ಎಂಜಿನಿಯರಿಗೋ ವಿಮೆಯ ಸರ್ವೇಯರಿಗೋ ಬೇಕಾದ್ದು ಅಲ್ಲಿ ಸಿಗುವುದಿಲ್ಲ. ಎಷ್ಟು ಹಂಚು? ಹಂಚಿನ ಭಾರ ಹೊರುವ ಇಳಿಜಾರು ಮರ, ಅಂದರೆ ಪಕಾಸಿ, ಎಷ್ಟು ಅಡಿ? ಎಷ್ಟು ಚದರಡಿ ಪ್ಲಾಸ್ಟರ್ ಕೆತ್ತಿ ತೆಗೆಯಬೇಕು? ಉತ್ತರ ಕಾಣದ ಕಡೆ ಅವರು ಕಡಿಮೆಯನ್ನೇ ಬರೆಯುತ್ತಾರೆ. ಆ ವ್ಯತ್ಯಾಸವನ್ನು ಕೊನೆಗೆ ಮನೆಯವರೇ ಭರಿಸಬೇಕಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಆ ಮನೆಗೆ ಒಮ್ಮೆಯೂ ಕಾಲಿಡದವರು ನಿಮ್ಮ ಫೋಟೊ ನೋಡಿ ಲೆಕ್ಕ ಹಾಕುವಂತಿರಬೇಕು. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಮೊಬೈಲು, 5 ಮೀಟರಿನ ಟೇಪು, ಮಕ್ಕಳ 15 ಸೆಂ.ಮೀ. ಸ್ಕೇಲು, ಟಾರ್ಚು, ಒಂದಿಷ್ಟು ಬಿಳಿ ಕಾಗದ, ಒಂದು ತುಂಡು ಇದ್ದಿಲು. ನೆರೆಯ ನೀರು ಇಳಿದ ಮನೆಯಾದರೆ ಮೊದಲು ಮೇನ್ ಸ್ವಿಚ್ ಆಫ್ ಆಗಿದೆಯೇ ನೋಡಿ, ಆಮೇಲೆ ಒಳಗೆ ಹೋಗಿ.

ಕೆಸರು ತೊಳೆಯುವ ಮುಂಚೆಯೇ ಫೋಟೊ ಆಗಬೇಕು. ಹಾಗೆಂದು ಮಾಡು ತೆರೆದ ಮನೆಯನ್ನು ಮಳೆಯಲ್ಲಿ ಬಿಟ್ಟು ಪಂಚನಾಮೆಗೆ ಕಾಯುತ್ತ ಕೂರಬೇಡಿ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ ಎಂದು ವಿಮೆ ಪಾಲಿಸಿಗಳೂ ಹೇಳುತ್ತವೆ. ಮೊದಲು ಫೋಟೊ, ಕೂಡಲೇ ಟಾರ್ಪಾಲು, ಟಾರ್ಪಾಲು ಕಟ್ಟಿದ ಮೇಲೆ ಇನ್ನೊಂದು ಫೋಟೊ. ಮರ ಬಿದ್ದಿದ್ದರೆ ಅದನ್ನು ಕಡಿದು ಎಳೆಯುವ ಮುನ್ನ ಬುಡ, ಕಾಂಡ, ಅದು ಮಾಡಿಗೆ ತಾಗಿದ ಜಾಗ, ಮೂರೂ ಸೇರಿ ಒಂದೇ ಚಿತ್ರದಲ್ಲಿ ಬರಲಿ. ಕಾಂಡಕ್ಕೆ ಟೇಪು ಸುತ್ತಿ ಸುತ್ತಳತೆಯದ್ದೂ ಒಂದು ತೆಗೆಯಿರಿ. ಕಾರಣ ಮತ್ತು ಹಾನಿ ಒಟ್ಟಿಗೆ ಕಾಣುವ ಅವಕಾಶ ಅದೊಂದೇ ಸಲ.

ಆಮೇಲೆ ಕ್ರಮ. ಮನೆಯ ನಂಬರಿನ ಫಲಕದಿಂದ ಶುರು ಮಾಡಿ, ಹೊರಗೆ ನಾಲ್ಕು ಮೂಲೆಗಳಿಂದ ಇಡೀ ಮನೆ, ನಂತರ ಜಗಲಿಯಿಂದ ಒಂದೊಂದೇ ಕೋಣೆ. ಪ್ರತಿ ಕೋಣೆಯ ಮೊದಲ ಚಿತ್ರದಲ್ಲಿ ‘ಕೋಣೆ 2, ಅಡುಗೆಮನೆ’ ಎಂದು ಬರೆದ ಕಾಗದ ಕಾಣಲಿ. ಬಾಗಿಲಲ್ಲಿ ನಿಂತು ಎಡಗೈ ಗೋಡೆಯಿಂದ ಬಲಕ್ಕೆ ಸುತ್ತುತ್ತ ನಾಲ್ಕೂ ಗೋಡೆ, ನೆಲ, ಮೇಲ್ಭಾಗ. ಹಾನಿಯಾದ ಪ್ರತಿ ಜಾಗಕ್ಕೂ ದೂರದ್ದು, ನಡುವಿನದ್ದು, ಹತ್ತಿರದ್ದು ಎಂದು ಮೂರು ಚಿತ್ರ. ದೂರದ್ದರಲ್ಲಿ ಯಾವ ಗೋಡೆ ಎಂದು ತಿಳಿಯಬೇಕು, ನಡುವಿನದ್ದರಲ್ಲಿ ಎಷ್ಟು ಎಂದು, ಹತ್ತಿರದ್ದರಲ್ಲಿ ಏನು ಎಂದು.

ಹೆಚ್ಚಿನವರು ಹತ್ತಿರದ್ದನ್ನು ಮಾತ್ರ ತೆಗೆಯುತ್ತಾರೆ. ಇದರಿಂದ ಆಗುವ ನಷ್ಟ ದೊಡ್ಡದು. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ನಿಗದಿ ಮಾಡಿದ 2022-26ರ ಮಾನದಂಡದಲ್ಲಿ ಭಾಗಶಃ ಹಾನಿ ಎಂದು ಒಪ್ಪಬೇಕಾದರೆ ಕನಿಷ್ಠ ಶೇ. 15ರಷ್ಟು ಹಾನಿಯಾಗಿರಬೇಕಿತ್ತು. ಹಾಗಾದರೆ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ಸಿಗುತ್ತಿತ್ತು. ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ. ಅಂದರೆ ಎಲ್ಲವೂ ನಿಂತಿರುವುದು ಶೇಕಡಾ ಎಷ್ಟು ಎಂಬುದರ ಮೇಲೆ. ಇಡೀ ಮನೆ ಕಾಣದಿದ್ದರೆ ಬಿರುಕಿನ ಹತ್ತು ಫೋಟೊ ಕೊಟ್ಟರೂ ಶೇ. 15 ಎಂದು ಹೇಳಲು ಆಧಾರ ಸಿಗುವುದಿಲ್ಲ.

ಹಂಚಿನ ಮಾಡಿನ ಲೆಕ್ಕ ಸುಲಭ, ಆದರೂ ತಪ್ಪುವುದು ಅಲ್ಲೇ. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಸುಮಾರು 15 ಕೂರುತ್ತದೆ. ಒಡೆದು ಬಿದ್ದವನ್ನು ರಾಶಿ ಹಾಕಿ ತೆಗೆದ ಫೋಟೊದಿಂದ ಎಣಿಕೆ ಸಿಗದು. ಮಾಡಿನ ತೆರೆದ ಭಾಗವನ್ನು ಒಳಗಿನಿಂದ, ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಸಾಲು, ಪಕಾಸಿ ಎರಡನ್ನೂ ಎಣಿಸಲು ಬರುವಂತೆ ತೆಗೆದರೆ ಉದ್ದ ಅಗಲ ಎರಡರ ಅಂದಾಜೂ ಸಿಗುತ್ತದೆ. ಒಡೆದ ಒಂದು ಹಂಚನ್ನು ಮಗುಚಿ ಹಿಂಬದಿಯದ್ದೂ ಒಂದು ಫೋಟೊ ಇರಲಿ. ಕಾರ್ಖಾನೆಯ ಹೆಸರು ಅಲ್ಲಿ ಅಚ್ಚಾಗಿರುತ್ತದೆ. ಕಾರ್ಖಾನೆಯಿಂದ ಕಾರ್ಖಾನೆಗೆ ಹಂಚಿನ ಗಾಡಿ (ಒಂದು ಹಂಚು ಇನ್ನೊಂದಕ್ಕೆ ಕೂರುವ ತೋಡು) ಬೇರೆ. ಬೇರೆ ಅಚ್ಚಿನ ಹಂಚನ್ನು ನಡುವೆ ಸೇರಿಸಿದರೆ ಸರಿಯಾಗಿ ಕೂರದೆ ಸೋರುತ್ತದೆ. ಆ ಅಚ್ಚಿನ ಹಂಚು ಈಗ ಸಿಗದಿದ್ದರೆ ಮಾಡಿನ ಒಂದು ಇಳಿಜಾರನ್ನೇ ಪೂರ್ತಿ ಹೊಸದಾಗಿ ಹೊದೆಸಬೇಕಾಗಬಹುದು. ಹಾಗೆ ಕೇಳಲು ಆ ಒಂದು ಫೋಟೊ ಬಲ ಕೊಡುತ್ತದೆ.

ಪಕಾಸಿ ಮುರಿದಿದ್ದರೆ ಮುರಿದ ಮುಖವನ್ನು ಮೊದಲ ಒಂದೆರಡು ದಿನದಲ್ಲೇ ತೆಗೆಯಿರಿ. ಹೊಸದಾಗಿ ಮುರಿದ ಮರ ತಿಳಿ ಬಣ್ಣದ್ದು, ನಾರು ನಾರಾಗಿರುತ್ತದೆ. ನಾಲ್ಕು ಮಳೆ ಬಿದ್ದರೆ ಕಪ್ಪಾಗುತ್ತದೆ, ಆಮೇಲೆ ಹಳೇ ಹಾನಿ ಎಂದರೆ ಎದುರುತ್ತರವಿಲ್ಲ. ವರಲೆ (ಗೆದ್ದಲು) ತಿಂದ ಪಕಾಸಿ ಪಕ್ಕದಲ್ಲಿದ್ದರೆ ಅದನ್ನೂ ಇದ್ದಂತೆಯೇ ತೋರಿಸಿ. ಹಳೆಯದನ್ನು ಹೊಸದರೊಳಗೆ ಸೇರಿಸಿ ಬರೆಸಿದ್ದು ಒಂದು ಕಡೆ ಸಿಕ್ಕಿಬಿದ್ದರೆ ಉಳಿದ ನಿಜವಾದ ಹಾನಿಯ ಮೇಲೂ ಅನುಮಾನ ಬರುತ್ತದೆ. ಕಾರವಾರದ ಕಡಲ ಬದಿಯ ಆರ್‌ಸಿಸಿ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬಿನ ಕೆಳಗಿನ ಸಿಮೆಂಟ್ ಉದುರಿದ್ದು ವರ್ಷಗಳ ಸವೆತ, ಒಂದು ಬಿರುಗಾಳಿಯ ಕೆಲಸ ಅಲ್ಲ. ಅದನ್ನು ಬೇರೆ ಫೋಲ್ಡರಿನಲ್ಲಿಡಿ.

ಇನ್ನು ಗೋಡೆ. ನೆರೆಯಲ್ಲಿ ನೆನೆದ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆಯ ಪ್ಲಾಸ್ಟರ್ ನೋಡಲು ಗಟ್ಟಿಯಾಗೇ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಕಲ್ಲಿಗೆ ಕಚ್ಚಿಕೊಂಡ ಕಡೆ ಟಕ್ ಟಕ್ ಎಂದು ಗಟ್ಟಿ ಸದ್ದು, ಬಿಟ್ಟುಕೊಂಡ ಕಡೆ ಡಬ್ ಡಬ್ ಎಂದು ಟೊಳ್ಳು. ಸದ್ದು ಫೋಟೊದಲ್ಲಿ ಬರುವುದಿಲ್ಲವಲ್ಲ, ಅದಕ್ಕೇ ಇದ್ದಿಲು. ಒದ್ದೆ ಗೋಡೆಯ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಸದ್ದು ಬದಲಾಗುವಲ್ಲಿ ಗುರುತು ಹಾಕುತ್ತ ಹೋಗಿ, ಕೊನೆಗೆ ಗುರುತುಗಳನ್ನೆಲ್ಲ ಒಳಗೊಳ್ಳುವಂತೆ ಒಂದು ಚೌಕಟ್ಟು ಎಳೆಯಿರಿ. ಮೇಸ್ತ್ರಿ ಕೆತ್ತುವುದೂ ಚೌಕವಾಗಿಯೇ. ಚೌಕದೊಳಗೆ ‘6 ಅಡಿ × 3 ಅಡಿ’ ಎಂದು ಬರೆದು, ಟೇಪು ಹಿಡಿದು ಎರಡು ಚಿತ್ರ: ಟೇಪಿನ ಸೊನ್ನೆಯ ತುದಿಯೂ ಕಾಣುವ ಪೂರ್ತಿ ಚಿತ್ರ ಒಂದು, ಅಂಕಿ ಓದಲು ಬರುವ ಹತ್ತಿರದ್ದೊಂದು. ಸೊನ್ನೆ ಕಾಣದ ಟೇಪು ಅಳತೆಗೆ ಸಾಕ್ಷಿ ಅಲ್ಲ. 18 ಚದರಡಿ ಎಂದರೆ 1.67 ಚದರ ಮೀಟರು. ಸರ್ಕಾರಿ ದರಪಟ್ಟಿ ಮೀಟರಿನಲ್ಲಿದೆ, ಮೇಸ್ತ್ರಿಯ ದರ ಅಡಿಯಲ್ಲಿದೆ. 1 ಚದರ ಮೀಟರಿಗೆ 10.76 ಚದರಡಿ ಎಂಬುದನ್ನು ನೆನಪಿಟ್ಟು ಎರಡನ್ನೂ ಬರೆದುಕೊಳ್ಳಿ.

ಪ್ಲಾಸ್ಟರಿನ ಉಬ್ಬನ್ನು ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಗೋಡೆ ನುಣ್ಣಗೆ ಕಾಣುತ್ತದೆ. ಫ್ಲ್ಯಾಶ್ ಆರಿಸಿ, ಇನ್ನೊಬ್ಬರ ಕೈಗೆ ಟಾರ್ಚು ಕೊಟ್ಟು ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಬೆಳಕು ಬಿಡಿಸಿ. ಉಬ್ಬು, ಸಣ್ಣ ಬಿರುಕು ಎಲ್ಲವೂ ನೆರಳಿನಿಂದ ಎದ್ದು ಕಾಣುತ್ತವೆ. ಬಿರುಕಿನ ಪಕ್ಕ ರೂಪಾಯಿ ನಾಣ್ಯ ಇಡುವ ರೂಢಿ ಬಿಡುವುದು ಒಳ್ಳೆಯದು. 2011ರ ಸರಣಿಯ ಒಂದು ರೂಪಾಯಿ ಸುಮಾರು 22 ಮಿ.ಮೀ., 2019ರದ್ದು 20. ಸ್ಕೇಲನ್ನೇ ಇಡಿ.

ಗೋಡೆ ವಾಲಿದೆ ಎಂದು ತೋರಿಸುವುದು ಕಷ್ಟ, ಮೊಬೈಲು ಸ್ವಲ್ಪ ಓರೆಯಾದರೂ ನೆಟ್ಟಗಿನ ಗೋಡೆ ವಾಲಿದಂತೆ ಬರುತ್ತದೆ. ದಾರಕ್ಕೆ ಗುಂಡು ಕಟ್ಟಿ ಗೋಡೆಯ ಮೇಲ್ತುದಿಯಿಂದ ಇಳಿಬಿಡಿ. ಗುಂಡು ಅಲುಗದೆ ನಿಂತ ಮೇಲೆ ದಾರ ಮತ್ತು ಗೋಡೆಯ ನಡುವಿನ ಅಂತರಕ್ಕೆ ಮೇಲೆ, ಕೆಳಗೆ ಸ್ಕೇಲು ಹಿಡಿದು ತೆಗೆಯಿರಿ. ಮೊಬೈಲು ಹೇಗೆ ಓರೆಯಾದರೂ ದಾರ ಸುಳ್ಳು ಹೇಳುವುದಿಲ್ಲ. ಮೊಬೈಲಿನ 0.5 (ಅಗಲ ನೋಟದ) ಲೆನ್ಸಿನಲ್ಲಿ ಅಂಚುಗಳು ಬಾಗುತ್ತವೆ. ಅಳತೆಯ ಚಿತ್ರಕ್ಕೆ 1 ಲೆನ್ಸೇ ಸರಿ.

ನೆರೆಯ ಗುರುತು ಬೇಗ ಮಾಯವಾಗುತ್ತದೆ. 2019ರ ಆಗಸ್ಟಿನಲ್ಲಿ ಕಾಳಿ ನದಿ ಉಕ್ಕಿ ಕದ್ರಾ, ಮಲ್ಲಾಪುರ ಕಡೆ ಮನೆಗಳಿಗೆ ನುಗ್ಗಿದಂಥ ನೀರು ಗೋಡೆಯ ಮೇಲೆ ಮಣ್ಣಿನ ಗೆರೆ ಬಿಟ್ಟು ಹೋಗುತ್ತದೆ. ಹೊರಗೋಡೆಯ ಗೆರೆ ಮುಂದಿನ ಮಳೆಗೇ ತೊಳೆದುಹೋಗುತ್ತದೆ. ಗೆರೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ, ತಾರೀಖು ಬರೆದು, ನೆಲದಿಂದ ಎತ್ತರ ಅಳೆದು, ಒಳಗೊಂದು ಹೊರಗೊಂದು ಫೋಟೊ. ಬಾಗಿಲು, ಕಪಾಟು, ಸ್ವಿಚ್ ಬೋರ್ಡು ಎಷ್ಟು ಮುಳುಗಿದ್ದವು ಎಂಬುದು ಆ ಒಂದು ಎತ್ತರದಿಂದಲೇ ಗೊತ್ತಾಗುತ್ತದೆ.

ಜಿಪಿಎಸ್ ಮುದ್ರೆ ಹಾಕುವ ಆ್ಯಪ್ ಒಳ್ಳೆಯದೇ. ಆದರೆ ದಟ್ಟ ಮರದ ಕೆಳಗೆ, ಮನೆಯೊಳಗೆ ಅದು ಹಿಂದಿನ ಜಾಗವನ್ನೇ ತೋರಿಸುತ್ತಿರಬಹುದು. ಅಂಗಳದಲ್ಲಿ ಒಂದು ನಿಮಿಷ ನಿಂತು ಸರಿಯಾಗಿದೆಯೇ ನೋಡಿಕೊಳ್ಳಿ. ಮುದ್ರೆ ಚಿತ್ರದ ಕೆಳಭಾಗವನ್ನು ಮುಚ್ಚುತ್ತದೆ, ಟೇಪಿನ ಅಂಕಿ ಅಲ್ಲಿ ಬಾರದಿರಲಿ. ಮುಖ್ಯವಾದವನ್ನು ಮೊಬೈಲಿನ ಮಾಮೂಲಿ ಕ್ಯಾಮೆರಾದಲ್ಲೂ ತೆಗೆದಿಡಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಅದರೊಳಗಿನ ಸಮಯ, ಸ್ಥಳದ ಮಾಹಿತಿಯೂ ಅಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಮೂಲ ಚಿತ್ರದ ಮೇಲೆ ಬಾಣ, ಸುತ್ತು ಬರೆಯಬೇಡಿ, ಬರೆಯುವುದಿದ್ದರೆ ಪ್ರತಿಯ ಮೇಲೆ ಬರೆಯಿರಿ.

ಕೆಲಸ ಶುರುವಾದ ಮೇಲೂ ಕ್ಯಾಮೆರಾ ಮುಚ್ಚಬಾರದು. ಹಂಚು ಇಳಿಸಿದಾಗ ಗೋಡೆಯ ತಲೆ ಕರಗಿರುವುದು, ಪ್ಲಾಸ್ಟರ್ ಕೆತ್ತಿದಾಗ ಕಲ್ಲಿನ ನಡುವಿನ ಮಣ್ಣು ಕೊಚ್ಚಿಹೋಗಿರುವುದು ಆಗಲೇ ಕಾಣುವುದು. ಮೇಸ್ತ್ರಿಗೆ ಮೊದಲೇ ಹೇಳಿಟ್ಟು, ಅಲ್ಲಿ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ಎಂಜಿನಿಯರಿಗೆ ಆ ದಿನವೇ ತಿಳಿಸಿ. ಮುಚ್ಚಿದ ಮೇಲೆ ಹೆಚ್ಚುವರಿ ಖರ್ಚನ್ನು ಯಾರೂ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಫೋಟೊ ಮಾತ್ರ ಏನೂ ಆಗದಿದ್ದಾಗ ತೆಗೆದದ್ದು. ಮೃಗಶಿರ ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ, ಹಂಚು ಕೈಯಾಡಿಸುವ (ತೆಗೆದು ಸರಿಪಡಿಸಿ ಮತ್ತೆ ಹೊದೆಸುವ) ದಿನವೇ ಮೇಲೆ ಹೇಳಿದ ಕ್ರಮದಲ್ಲಿ ಮನೆ ಪೂರ್ತಿ ಒಂದು ಸುತ್ತು ತೆಗೆದಿಡಿ. ಮೂವತ್ತು ಚಿತ್ರ ಸಾಕು. ನೆರೆ ಬಂದಾಗ ಮೊದಲು ನೀರಿಗೆ ಬೀಳುವುದು ಮೊಬೈಲೇ, ಆದ್ದರಿಂದ ಒಂದು ಪ್ರತಿಯನ್ನು ಗೋವಾದಲ್ಲೋ ಬೆಂಗಳೂರಿನಲ್ಲೋ ಇರುವ ಮಗಳಿಗೆ, ತಮ್ಮನಿಗೆ ಕಳಿಸಿಡಿ. ಡಾಕ್ಯುಮೆಂಟ್ ಆಗಿಯೇ ಕಳಿಸಿ.