ತಲೆಯೊಳಗೆ ಹೋಗೋಕೆ ನಮ್ಮ ಔಷಧಿಗೆ ಮಾತ್ರ ಪರ್ಮಿಶನ್ ಇಲ್ವಾ?
ಇವತ್ತೂ ಲ್ಯಾಬಲ್ಲಿ ಅದೇ ರಿಸಲ್ಟ್, ಔಷಧಿಯೆಲ್ಲಾ ಲಿವರ್‌ನಲ್ಲಿ ಹಾಯಾಗಿ ಕೂತಿದೆ, ಮೆದುಳಲ್ಲಿ ಹೆಸರಿಗಷ್ಟೇ. ಸಾಕಾಗೋಯ್ತು. ಅಲ್ಲಾ ಸ್ವಾಮಿ, ಕೆಫೀನ್, ನಿಕೋಟಿನ್, ಕೊನೆಗೆ ಎಣ್ಣೆ ಕೂಡ ರಾಜಾರೋಷವಾಗಿ ಮೆದುಳಿಗೆ ನುಗ್ಗತ್ತೆ, ಕಾಯಿಲೆ ವಾಸಿ ಮಾಡೋಕೆ ಹೋದ್ರೆ ಮಾತ್ರ ನೋ ಎಂಟ್ರಿನಾ? ಅಲ್ಲಿನ ರಕ್ತನಾಳದ ಜೀವಕೋಶಗಳು ಸಂದೀನೇ ಇಲ್ದಂಗೆ ಒತ್ಕೊಂಡು ಕೂತಿರ್ತವೆ, ಹೆಂಗೋ ನುಸುಳಿದ್ರೂ ಪಿ-ಗ್ಲೈಕೋಪ್ರೋಟೀನ್ ಅನ್ನೋ ಪಂಪ್ ಕುತ್ತಿಗೆ ಹಿಡಿದು ವಾಪಸ್ ರಕ್ತಕ್ಕೇ ತಳ್ಳತ್ತೆ. ರಕ್ತದಿಂದ ಮೆದುಳಿಗೆ ಕಬ್ಬಿಣ ದಾಟಿಸೋ ದೋಣಿ ಥರದ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಹಿಡ್ಕೊಂಡು ದಾಟೋಣ ಅಂದ್ರೆ, ತುಂಬಾ ಬಿಗಿಯಾಗಿ ಹಿಡ್ಕೊಂಡ್ರೆ ಆಚೆ ದಡದಲ್ಲಿ ಬಿಡೋದೇ ಇಲ್ಲ, ಸಡಿಲ ಆದ್ರೆ ಹತ್ಸೋದೇ ಇಲ್ಲ! ಈ ಉಪಾಯ ಇಲಿಗಳಿಗೇನೋ ಎಷ್ಟೋ ಸಲ ಚೆನ್ನಾಗೇ ಕೆಲಸ ಮಾಡತ್ತೆ (ಪುಣ್ಯವಂತ ಇಲಿಗಳು), ಮನುಷ್ಯರ ಹತ್ರ ಬಂದಾಗ ಎಷ್ಟೋ ಸಲ ಠುಸ್. ಇಷ್ಟರ ಮೇಲೆ ನೆಂಟರದ್ದು ಬೇರೆ, "ಅದಕ್ಕೇನಂತೆ, ಸೀದಾ ತಲೆಗೇ ಒಂದು ಇಂಜೆಕ್ಷನ್ ಚುಚ್ಬಾರ್ದಾ?"