ಏಳನೇ ಹೆಜ್ಜೆ ಎಣಿಸಿದವರು ಯಾರು?

ನಮ್ಮ ಜನಕ್ಕೆ ಲೆಕ್ಕ ಬರಲ್ಲ ಅನ್ನುವವರು ನಮ್ಮನ್ನು ಸರಿಯಾಗಿ ನೋಡಿಲ್ಲ. ಮಗ್ಗಿ ಮರೆತಿರಬಹುದು, ಕರೆಂಟ್ ಬಿಲ್ ಅರ್ಥ ಆಗದೇ ಇರಬಹುದು. ಆದರೆ ಪಕ್ಕದ ಧರ್ಮದವನಿಗೆ ಎಷ್ಟು ಹೆಂಡತಿಯರು ಅಂತ ಕೇಳಿ ನೋಡಿ, ಥಟ್ ಅಂತ ಉತ್ತರ ಬರುತ್ತದೆ. ಕಟಿಂಗ್ ಶಾಪ್‌ನಿಂದ ಟಿ.ವಿ. ಸ್ಟುಡಿಯೋವರೆಗೆ ಈ ಒಂದು ಲೆಕ್ಕದಲ್ಲಿ ಎಲ್ಲರೂ ಪಂಡಿತರೇ. 'ಅವರಿಗೆ ನಾಲ್ಕು, ನಮಗೆ ಒಂದೇ.' ಹೇಳುವ ದನಿ ಕೇಳಿದರೆ ಅದು ದೂರೋ ಹೊಟ್ಟೆಕಿಚ್ಚೋ ಅಂತ ಬೇಗ ಗೊತ್ತಾಗುವುದಿಲ್ಲ.

ಪಾಪ, ಸರ್ಕಾರವೂ ಎಣಿಸಿ ನೋಡಿದೆ. 1961ರ ಜನಗಣತಿಯ ಅಂಕಿಗಳ ಪ್ರಕಾರ ಒಂದಕ್ಕಿಂತ ಜಾಸ್ತಿ ಹೆಂಡತಿಯರಿರುವ ಮದುವೆಗಳು ಮುಸ್ಲಿಮರಲ್ಲಿ ಶೇ 5.7, ಹಿಂದೂಗಳಲ್ಲಿ ಶೇ 5.8. ಜೈನರೂ ಬೌದ್ಧರೂ ಇವರಿಬ್ಬರನ್ನೂ ದಾಟಿದ್ದರು. ಆದಿವಾಸಿಗಳಲ್ಲಿ ಶೇ 15ಕ್ಕಿಂತ ಮೇಲೆ. ಆಮೇಲೆ ಎಲ್ಲರಲ್ಲೂ ಇಳಿಯುತ್ತಾ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 'ನಿಮ್ಮ ಗಂಡನಿಗೆ ಬೇರೆ ಹೆಂಡತಿ ಇದ್ದಾರಾ' ಅಂತ ಹೆಂಗಸರನ್ನೇ ಕೇಳಿದರು. ಹೌದು ಅಂದವರು ಮುಸ್ಲಿಮರಲ್ಲಿ ಶೇ 1.9, ಹಿಂದೂಗಳಲ್ಲಿ ಶೇ 1.3. ನಾಲ್ಕಕ್ಕೂ ಒಂದಕ್ಕೂ ಇದ್ದ ಅಂತರ ಕೊನೆಗೆ ಪಾಯಿಂಟ್ ಆರಕ್ಕೆ ಬಂದು ನಿಂತಿದೆ. ಆ ಪಾಯಿಂಟ್ ಆರನ್ನು ಇಟ್ಟುಕೊಂಡು ಎಷ್ಟು ಭಾಷಣ ಆಗಿವೆ ಅನ್ನುವುದನ್ನು ಮಾತ್ರ ಯಾವ ಸಮೀಕ್ಷೆಯೂ ಎಣಿಸಿಲ್ಲ.

ನನಗೆ ಕುತೂಹಲ ಇರುವುದು ಆ ಶೇ 1.3ರ ಬಗ್ಗೆ. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆ ಹಿಂದೂ ಗಂಡಸಿಗೆ ಇಬ್ಬರು ಹೆಂಡತಿಯರು ಇರುವುದಕ್ಕೆ ಸಾಧ್ಯವೇ ಇಲ್ಲ. ಎರಡನೇ ಮದುವೆ ಹುಟ್ಟುವಾಗಲೇ ಅಸಿಂಧು. ಮೇಲೆ ಏಳು ವರ್ಷದವರೆಗೆ ಜೈಲು. ಈ ಕಾಯ್ದೆಯಿಂದ ಹೊರಗಿರುವ ಆದಿವಾಸಿ ಹಿಂದೂಗಳನ್ನು ಬಿಟ್ಟು ಲೆಕ್ಕ ಹಾಕಿದರೂ, ಉಳಿದ ಸವತಿಯರು ಎಲ್ಲಿಂದ ಬಂದರು? ಕಾಯ್ದೆ ಪ್ರಕಾರ ಅವರು ಇಲ್ಲ. ರೇಷನ್ ಅಂಗಡಿ ಕ್ಯೂನಲ್ಲಿ ಇದ್ದಾರೆ.

ಧಾರವಾಡ, ಬೆಳಗಾವಿ, ಕಾರವಾರದ ಕಡೆಯ ಗಂಡಸರಿಗೆ ಈ ಕಷ್ಟ ಇನ್ನೂ ಮೊದಲೇ ಶುರುವಾಗಿತ್ತು. ಅವರೆಲ್ಲ ಆಗ ಮುಂಬೈ ಪ್ರಾಂತ್ಯದವರು. ಅಲ್ಲಿ 1946ರಲ್ಲೇ ಹಿಂದೂಗಳ ಎರಡನೇ ಮದುವೆಗೆ ನಿಷೇಧ ಬಂತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಂಗಳೂರು, ಬಳ್ಳಾರಿಯವರಿಗೆ 1949ರಲ್ಲಿ ಬಂತು. ಮುಂಬೈ ಕಾಯ್ದೆಯ ವಿರುದ್ಧ ಹೈಕೋರ್ಟಿಗೆ ಹೋದವರ ವಾದ ಕೇಳಿ. ಒಂದು, ಮೋಕ್ಷಕ್ಕೆ ಗಂಡು ಮಗ ಬೇಕು, ಅದಕ್ಕೆ ಇನ್ನೊಂದು ಮದುವೆ ಬೇಕು, ಇದು ನಮ್ಮ ಧರ್ಮ. ಎರಡು, ಮುಸ್ಲಿಮರಿಗೆ ಇದೆಯಲ್ಲ, ನಮಗೆ ಯಾಕಿಲ್ಲ? 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಮತ್ತು ಗಜೇಂದ್ರಗಡ್ಕರ್ ಅವರಿದ್ದ ಪೀಠ ಎರಡನ್ನೂ ಒಪ್ಪಲಿಲ್ಲ. ಮಗ ಬೇಕಿದ್ದರೆ ದತ್ತು ತಗೊಳ್ಳಬಹುದಲ್ಲ ಅಂದರು ಚಾಗ್ಲಾ. ಗಮನಿಸಿ, 'ಅವರಿಗೂ ಬೇಡ' ಅಂತ ಯಾರೂ ಕೇಳಿಕೊಂಡು ಹೋಗಿರಲಿಲ್ಲ. 'ನಮಗೂ ಕೊಡಿ' ಅಂತಲೇ ಹೋಗಿದ್ದು.

ಸರಿ, ಬಾಗಿಲು ಮುಚ್ಚಿತು. ಕಿಟಕಿ ಎಲ್ಲಿದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಇದು ಅವಸರದಲ್ಲಿ ನೋಡುವ ವಾಸ್ತುಶಿಲ್ಪ ಅಲ್ಲ.

ಹಿಂದೂ ವಿವಾಹ ಕಾಯ್ದೆಯ ಏಳನೇ ಕಲಮು ಹೇಳುತ್ತದೆ: ಸಪ್ತಪದಿ ಇರುವ ಕಡೆ, ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿ. 1965ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮೊದಲ ಹೆಂಡತಿ ಇರುವಾಗ ಎರಡನೇ ಮದುವೆ ಆದ ಅಂತ ಒಬ್ಬನಿಗೆ ಶಿಕ್ಷೆ ಆಗಿತ್ತು. ಅವನ ವಕೀಲರು ಕೇಳಿದ್ದು ಇಷ್ಟೇ: ಹೋಮ ಆಯ್ತಾ? ಸಪ್ತಪದಿ ಆಯ್ತಾ? ಆಗಿರಲಿಲ್ಲ, ಅಥವಾ ಆಗಿತ್ತು ಅಂತ ಯಾರೂ ತೋರಿಸಲಿಲ್ಲ. ಹಾಗಾದರೆ ಅದು ಮದುವೆಯೇ ಅಲ್ಲ ಅಂದಿತು ಕೋರ್ಟು. ಮದುವೆ ಅಲ್ಲದಿದ್ದ ಮೇಲೆ ಎರಡನೇ ಮದುವೆ ಎಲ್ಲಿಂದ ಬಂತು? ಆಸಾಮಿ ಬಿಡುಗಡೆ. ಆಮೇಲೆ ಬಂದ ಹಿಮಾಚಲದ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆರೋಪಿಯೇ ಮದುವೆ ಆದೆ ಅಂತ ಒಪ್ಪಿಕೊಂಡರೂ ಅದು ಮದುವೆಗೆ ಪುರಾವೆ ಆಗುವುದಿಲ್ಲ. ಶಾಸ್ತ್ರ ನಡೆದದ್ದನ್ನು ಬೇರೆಯಾಗಿ ಸಾಬೀತು ಮಾಡಬೇಕು. ಕಳ್ಳ ತಾನೇ ಬಂದು ಕದ್ದೆ ಅಂದರೂ 'ನಿನಗೇನು ಗೊತ್ತು, ಸುಮ್ನಿರು' ಅನ್ನುವ ಔದಾರ್ಯ ಕಾನೂನಿನ ಬೇರೆ ಮೂಲೆಗಳಲ್ಲಿ ಸಿಗುವುದು ಕಷ್ಟ.

ಈಗ ನೀವೇ ಯೋಚಿಸಿ. ಕಾನೂನು ಓದಿಕೊಂಡ ಮದುಮಗ ಎರಡನೇ ಸಲ ಹಸೆಮಣೆ ಏರಿದ್ದಾನೆ ಅಂದುಕೊಳ್ಳೋಣ.

'ಭಟ್ರೇ, ಆರು ಹೆಜ್ಜೆಗೇ ನಿಲ್ಲಿಸಿಬಿಡಿ.'

'ಏಳು ಆಗಬೇಕಲ್ಲಪ್ಪಾ, ಶಾಸ್ತ್ರ.'

'ಏಳು ಇಟ್ರೆ ಏಳು ವರ್ಷ ಭಟ್ರೇ. ಹೆಜ್ಜೆಗೊಂದು.'

ಭಟ್ಟರು ಅನುಭವಸ್ಥರಾಗಿದ್ದರೆ ಹೋಮಕುಂಡವನ್ನೂ ತೆಗೆಸಿ, ದಕ್ಷಿಣೆ ಮಾತ್ರ ಪೂರ್ತಿ ಇಸಕೊಂಡು ಹೋಗುತ್ತಾರೆ. ಮಂಟಪ, ವಾಲಗ, ಹೋಳಿಗೆ ಊಟ, ಸಾವಿರ ಜನ, ಆಲ್ಬಮ್, ಎಲ್ಲ ಇರಬಹುದು. ಅದು ಬರೀ ಊಟದ ಕಾರ್ಯಕ್ರಮ ಅಷ್ಟೇ. (ಸಪ್ತಪದಿ ಇಲ್ಲದ ಸಮುದಾಯಗಳಲ್ಲಿ ಆ ಸಮುದಾಯದ ಪದ್ಧತಿ ನಡೆಯಿತೋ ಇಲ್ಲವೋ ನೋಡುತ್ತಾರೆ. ಅಲ್ಲಿ ತಾಳಿ ಕಟ್ಟುವ ಗಳಿಗೆಯಲ್ಲಿ ಫೋಟೋಗ್ರಾಫರ್‌ನನ್ನು ಊಟಕ್ಕೆ ಕಳಿಸಿದರೆ ಕ್ಷೇಮ.)

ದೂರು ಕೊಡುವುದಾದರೂ ಸುಲಭವಾ? ಆ ಮದುವೆಯಲ್ಲಿ ಉಂಡು ಬಂದ ನೀವು ಕೊಡುವ ಹಾಗಿಲ್ಲ. ನೊಂದವರೇ ಕೊಡಬೇಕು, ಅಂದರೆ ಸಾಮಾನ್ಯವಾಗಿ ಮೊದಲ ಹೆಂಡತಿ, ಅಥವಾ ಅವಳ ಪರವಾಗಿ ಹತ್ತಿರದ ನೆಂಟರು. ಮಕ್ಕಳ ಫೀಸು, ಅತ್ತೆಯ ಔಷಧಿ, ಮನೆ ಬಾಡಿಗೆ ಎಲ್ಲ ಯಾರ ಸಂಬಳದಿಂದ ಬರುತ್ತದೋ ಅವನನ್ನೇ ಅವಳು ಏಳು ವರ್ಷ ಒಳಗೆ ಹಾಕಿಸಬೇಕು. ಅದಕ್ಕೆ ಮೊದಲು ಸವತಿಯ ಮದುವೆಯ ಹೋಮಕ್ಕೆ ಸಾಕ್ಷಿ ಹುಡುಕಬೇಕು. ತನಗೆ ಆಮಂತ್ರಣವೇ ಬಾರದ ಮದುವೆಯಲ್ಲಿ ಎಷ್ಟು ಹೆಜ್ಜೆ ಇಟ್ಟರು ಅಂತ ಅವಳೇ ಹೇಳಬೇಕು.

ಇಷ್ಟು ಕಿಟಕಿ ಸಾಲದು ಅಂದವರೂ ಇದ್ದರು. ಗುಜರಾತಿನಲ್ಲಿ 'ಮೈತ್ರಿ ಕರಾರು' ಅಂತ ಒಂದು ಕಂಡುಹಿಡಿದರು. ಮದುವೆಯಾದ ಗಂಡಸು, ಇನ್ನೊಬ್ಬ ಹೆಣ್ಣು, ಛಾಪಾ ಕಾಗದದ ಮೇಲೆ ಸ್ನೇಹದ ಒಪ್ಪಂದ. ಹೋಮ ಇಲ್ಲ, ಹೆಜ್ಜೆ ಇಲ್ಲ, ಹಾಗಾಗಿ ಅಪರಾಧವೂ ಇಲ್ಲ. ಸ್ನೇಹಕ್ಕೆ ಛಾಪಾ ಕಾಗದ ಬೇಕಾಗಿದ್ದು ಲೋಕದಲ್ಲಿ ಅದೇ ಮೊದಲಿರಬೇಕು.

ಇನ್ನು ಕೆಲವರಿಗೆ ರಾತ್ರೋರಾತ್ರಿ ಜ್ಞಾನೋದಯ ಆಗುತ್ತಿತ್ತು. ಮತಾಂತರ ಅಂದರೆ ಊರೇ ಎದ್ದು ನಿಲ್ಲುವ ದೇಶದಲ್ಲಿ ಮದುವೆಯಾದ ಹಿಂದೂ ಗಂಡಸರು ಎರಡನೇ ಮದುವೆಗಾಗಿ ಇಸ್ಲಾಂಗೆ ಹೋಗಿ ಬರುತ್ತಿದ್ದರು. 1995ರಲ್ಲಿ ಸರಳಾ ಮುದ್ಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ನಡೆಯಲ್ಲ ಅಂದಿತು. 2000ದಲ್ಲಿ ಮತ್ತೊಮ್ಮೆ ಅಂದಿತು. ಆದರೂ 2008ರಲ್ಲಿ ಹರಿಯಾಣದ ಉಪಮುಖ್ಯಮಂತ್ರಿ ಚಂದರ್ ಮೋಹನ್ ಅವರು ಚಾಂದ್ ಮೊಹಮ್ಮದ್ ಆಗಿ ಪ್ರತ್ಯಕ್ಷರಾದರು, ಪಕ್ಕದಲ್ಲಿ ಹೊಸ ಹೆಂಡತಿ. ಕುರ್ಚಿ ಹೋಯಿತು. ಮರುವರ್ಷ ಹೊಸ ಹೆಂಡತಿಯನ್ನು ಬಿಟ್ಟು ಹಳೇ ಧರ್ಮಕ್ಕೆ ವಾಪಸ್ ಬಂದರು. ಎರಡೂ ಧರ್ಮಗಳು ಅವರನ್ನು ಬಸ್‌ಸ್ಟ್ಯಾಂಡಿನ ಹಾಗೆ ಸಹಿಸಿಕೊಂಡವು.

'ಇದಕ್ಕೆಲ್ಲ ಒಂದೇ ಮದ್ದು, ಸಮಾನ ನಾಗರಿಕ ಸಂಹಿತೆ. ಗೋವಾ ನೋಡಿ!' ಅನ್ನುತ್ತಾರೆ. ಕಾರವಾರದಿಂದ ಕೂಗಿದರೆ ಕೇಳುವಷ್ಟು ಹತ್ತಿರ, ನೋಡೇಬಿಡೋಣ. ಅಲ್ಲಿ ಪೋರ್ಚುಗೀಸರು 1880ರಲ್ಲಿ ಹಿಂದೂಗಳ ಪದ್ಧತಿಗಳಿಗೆ ಅಂತ ಒಂದು ಕಾನೂನು ಬರೆದಿಟ್ಟರು. ಹೆಂಡತಿಗೆ 25 ವರ್ಷ ಆದರೂ ಮಕ್ಕಳಾಗದಿದ್ದರೆ ಹಿಂದೂ ಗಂಡ ಇನ್ನೊಂದು ಮದುವೆ ಆಗಬಹುದು. 30 ಆದರೂ ಗಂಡು ಮಗು ಆಗದಿದ್ದರೆ ಆಗಲೂ ಆಗಬಹುದು. ಈಗ ಅದನ್ನು ಯಾರೂ ಬಳಸುವುದಿಲ್ಲ, ಸತ್ತ ಕಾನೂನು ಅನ್ನುತ್ತಾರೆ. ಇರಬಹುದು. ಆದರೆ ಇಡೀ ದೇಶಕ್ಕೆ ಮಾದರಿ ಅಂತ ಮೆರವಣಿಗೆ ಮಾಡುವ ಸಂಹಿತೆಯ ಜೇಬಿನಲ್ಲಿ ಈ ಚೀಟಿ ಇದೆ ಅಂತ ಮೆರವಣಿಗೆಯವರು ಹೇಳುವುದಿಲ್ಲ. ಉತ್ತರಾಖಂಡದವರು 2025ರ ಜನವರಿಯಲ್ಲಿ ತಮ್ಮ ಸಮಾನ ಸಂಹಿತೆಯನ್ನು ಜಾರಿಗೆ ತಂದರು. ಅದು ಎಲ್ಲರಿಗೂ ಸಮಾನ, ಪರಿಶಿಷ್ಟ ಪಂಗಡದವರನ್ನು ಬಿಟ್ಟು. ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿಗೆ ಹೆಸರಾದ ಜೌನ್ಸಾರಿಗಳು ಆ ರಾಜ್ಯದವರೇ, ಪರಿಶಿಷ್ಟ ಪಂಗಡದವರೇ.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿದ ಅಂತ ಗಾದೆ. ಹಾಗಂತ ಪಕ್ಕದ ತಟ್ಟೆ ತೊಳೆದಿಟ್ಟಿದೆ ಅಂತಲ್ಲ. ಕುರ್‌ಆನ್‌ನಲ್ಲಿ ನಾಲ್ಕರ ಮಾತು ಬರುವ ವಾಕ್ಯದಲ್ಲೇ, ಸಮನಾಗಿ ನೋಡಿಕೊಳ್ಳಲಾರೆ ಅನ್ನುವ ಭಯವಿದ್ದರೆ ಒಬ್ಬಳೇ ಸಾಕು ಅಂತಲೂ ಇದೆ. ಅದೇ ಅಧ್ಯಾಯದಲ್ಲಿ ಮುಂದೆ, ನೀವು ಎಷ್ಟೇ ಆಸೆಪಟ್ಟರೂ ಸಮನಾಗಿ ನೋಡಿಕೊಳ್ಳಲಾರಿರಿ ಅಂತಲೂ ಇದೆ. ಇದನ್ನು ಜೋಡಿಸಿ ಓದಿಯೇ ಟ್ಯುನೀಷಿಯಾ 1956ರಲ್ಲಿ ಬಹುಪತ್ನಿತ್ವ ನಿಷೇಧಿಸಿತು. ಟರ್ಕಿ 1926ರಲ್ಲೇ ಬೇಡ ಅಂದಿತ್ತು. ನಮ್ಮಲ್ಲಿ ಮಾತ್ರ ಆ ವಾಕ್ಯದ ಮೊದಲರ್ಧವನ್ನು ಬಾಯಿಪಾಠ ಮಾಡಿಕೊಂಡ ಮಹನೀಯರಿಗೆ ಉಳಿದರ್ಧಕ್ಕೆ ಬರುವ ಹೊತ್ತಿಗೆ ಕನ್ನಡಕ ಕಳೆದುಹೋಗಿರುತ್ತದೆ. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದವರು 10 ರಾಜ್ಯಗಳಲ್ಲಿ 4,710 ಹೆಂಗಸರನ್ನು ಕೇಳಿದಾಗ ಶೇ 91.7 ಮಂದಿ ಎರಡನೇ ಹೆಂಡತಿ ಬೇಡವೇ ಬೇಡ ಅಂದರು. ಈ ಹೆಂಗಸರನ್ನು ಎರಡೂ ಕಡೆಯ ವೇದಿಕೆಗೆ ಯಾರೂ ಕರೆಯುವುದಿಲ್ಲ. ಬಂದರೆ ಚರ್ಚೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದಲ್ಲ!

ಕ್ರೈಸ್ತರದು ಹಾಗಲ್ಲಪ್ಪ, ಒಬ್ಬನಿಗೆ ಒಬ್ಬಳೇ ಅನ್ನುತ್ತೀರಾ? ಜರ್ಮನಿಯ ಹೆಸ್ಸೆ ಪ್ರಾಂತ್ಯದ ದೊರೆ ಫಿಲಿಪ್‌ಗೆ ಇನ್ನೊಂದು ಮದುವೆ ಬೇಕಿತ್ತು. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಮತ್ತು ಸಂಗಡಿಗರ ಹತ್ತಿರ ಸಲಹೆ ಕೇಳಿದ. ವಿಚ್ಛೇದನ ಬೇಡ, ಬೇಕಿದ್ದರೆ ಎರಡನೆಯದು ಆಗು, ಆದರೆ ಯಾರಿಗೂ ಗೊತ್ತಾಗಬಾರದು ಅಂದರು. 1540ರಲ್ಲಿ ಮದುವೆ ಆಯಿತು, ಕೆಲವೇ ತಿಂಗಳಲ್ಲಿ ಊರಿಗೆಲ್ಲ ಗೊತ್ತಾಯಿತು. ಆಗ ಲೂಥರ್ ಕೊಟ್ಟ ಸಲಹೆ, ಗಟ್ಟಿಯಾಗಿ ಒಂದು ಸುಳ್ಳು ಹೇಳಿಬಿಡು. ಧರ್ಮಸುಧಾರಣೆಯ ಇತಿಹಾಸದಲ್ಲಿ ಈ ಪುಟವನ್ನು ಸ್ವಲ್ಪ ಬೇಗ ತಿರುವುತ್ತಾರೆ.

ಆಧುನಿಕ ಕಾಲದ ಕೊಡುಗೆ ಅಂದರೆ ಪರ್ಮಿಷನ್. ದೇವರ ಜಾಗಕ್ಕೆ ಮೇಲಧಿಕಾರಿ ಬಂದ. ನಮ್ಮ ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 21ನೆಯದು ಎರಡನೇ ಮದುವೆ ಬೇಡ ಅನ್ನುತ್ತದೆ. ಆದರೆ ನೌಕರನ ಸ್ವಂತ ಧರ್ಮದ ಕಾನೂನು ಒಪ್ಪಿದರೆ ಸರ್ಕಾರ ಅನುಮತಿ ಕೊಡಬಹುದು ಅಂತಲೂ ಸೇರಿಸುತ್ತದೆ. ಆ ಅರ್ಜಿ ಥ್ರೂ ಪ್ರಾಪರ್ ಚಾನೆಲ್ ಹೋಗುವುದನ್ನು ಊಹಿಸಿಕೊಳ್ಳಿ. ಗುಮಾಸ್ತರ ಟಿಪ್ಪಣಿ, ಮೇಲಿನವರ ಷರಾ, 'ಮೊದಲ ಪತ್ನಿಯ ಸೇವಾ ವಿವರ ಲಗತ್ತಿಸಿಲ್ಲ' ಅಂತ ಒಂದು ಹಿಂಬರಹ. ಇಂಡೊನೇಷ್ಯಾದಲ್ಲಿ 1983ರಿಂದಲೂ ಹೀಗೇ. 2025ರ ಜನವರಿಯಲ್ಲಿ ಜಕಾರ್ತಾದ ಸರ್ಕಾರ ನಿಯಮವನ್ನು ಹೊಸದಾಗಿ ಹೊರಡಿಸಿದಾಗ ಗಲಾಟೆಯೇ ಆಯಿತು. ಹೆಂಡತಿಗೆ ವಾಸಿಯಾಗದ ಕಾಯಿಲೆ ಇದ್ದರೆ, ಮಕ್ಕಳಾಗದಿದ್ದರೆ, ಸಾಹೇಬರು ಸಹಿ ಹಾಕಬಹುದು. ಮಹಿಳಾ ನೌಕರರು ಮಾತ್ರ ಯಾರಿಗೂ ಎರಡನೇ ಹೆಂಡತಿ ಆಗುವಂತಿಲ್ಲ. ಕೀನ್ಯಾದಲ್ಲಿ 2014ರ ಮದುವೆ ಮಸೂದೆಯಲ್ಲಿ ಮೊದಲ ಹೆಂಡತಿಗೆ 'ಬೇಡ' ಅನ್ನುವ ಹಕ್ಕು ಇತ್ತು. ಯಾವತ್ತೂ ಒಂದಾಗದ ಪಕ್ಷಗಳ ಗಂಡಸು ಸಂಸದರು ಅವತ್ತು ಒಂದಾಗಿ ಅದನ್ನು ತೆಗೆದುಹಾಕಿದರು. ಮಹಿಳಾ ಸಂಸದರು ಎದ್ದು ಹೊರಗೆ ನಡೆದರು, ಮಸೂದೆ ಒಳಗೆ ಪಾಸಾಯಿತು.

ತಿರುಗಿಸಿ ನೋಡಿದರೆ ಹೇಗಿರುತ್ತದೆ? 2021ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ಒಂದು ಕರಡು ತಂದಿತು. ಗಂಡಸಿಗೆ ಹಲವು ಹೆಂಡತಿಯರು ಇರಬಹುದಾದರೆ ಹೆಂಗಸಿಗೂ ಹಲವು ಗಂಡಂದಿರು ಇರಲಿ, ಕೊನೇ ಪಕ್ಷ ಚರ್ಚೆ ಆಗಲಿ ಅಂತ. ಸಂಸ್ಕೃತಿ ಹಾಳಾಯಿತು ಅಂತ ಬೊಬ್ಬೆ ಎದ್ದಿತು. ಮುಂದೆ ನಿಂತು ಆತಂಕಪಟ್ಟವರಲ್ಲಿ ಟಿ.ವಿ. ತಾರೆ ಮೂಸಾ ಮ್ಸೆಲೆಕು ಒಬ್ಬರು. ಆಗ ಅವರಿಗೆ ನಾಲ್ವರು ಹೆಂಡತಿಯರಿದ್ದರು.

ನಾವು ನಗುವ ಹಾಗಿಲ್ಲ. 2025ರ ಜುಲೈನಲ್ಲಿ ಹಿಮಾಚಲದ ಶಿಲ್ಲಾಯಿಯಲ್ಲಿ ಹಟ್ಟಿ ಸಮುದಾಯದ ಅಣ್ಣತಮ್ಮ ಇಬ್ಬರು ಒಬ್ಬಳನ್ನೇ ಮದುವೆ ಆದರು. ಅವಳ ಒಪ್ಪಿಗೆ ಇತ್ತು, ಊರಿನ ಹಳೇ ಪದ್ಧತಿ, ಮೂರು ದಿನದ ಸಂಭ್ರಮ. ನಮ್ಮ ಮೊಬೈಲ್‌ಗಳಲ್ಲಿ ಎರಡು ವಾರ ಅದೇ ಜೋಕು, ಅದೇ ಛೀ ಥೂ. ಬೆಂಗಳೂರಿನವರೂ ಏನೂ ಕಡಿಮೆ ಮಾಡಲಿಲ್ಲ. ಇದೇ ಬೆಂಗಳೂರು ವರ್ಷಕ್ಕೊಮ್ಮೆ ಚೈತ್ರ ಹುಣ್ಣಿಮೆಯಂದು ರಾತ್ರಿಯಿಡೀ ಎದ್ದು ಕೂತು, ಮಲ್ಲಿಗೆ ಎರಚಿ, ಐವರು ಗಂಡಂದಿರಿದ್ದ ದ್ರೌಪದಿಯ ಕರಗ ನೋಡಿ ಕೈಮುಗಿಯುತ್ತದೆ.

ಒಬ್ಬಳಿಗೆ ಇಬ್ಬರು ಗಂಡಂದಿರು ಅಂದ ತಕ್ಷಣ ಗಂಡಸರು ಕೇಳುವ ಪ್ರಶ್ನೆ ಆಫ್ರಿಕಾದಲ್ಲೂ ಒಂದೇ, ಆನೇಕಲ್‌ನಲ್ಲೂ ಒಂದೇ: 'ಹುಟ್ಟುವ ಮಗು ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ? ಆಸ್ತಿ ಗತಿ ಏನು?' ಬಹಳ ಸೂಕ್ಷ್ಮವಾದ ಪ್ರಶ್ನೆ. ಒಬ್ಬನಿಗೆ ಇಬ್ಬರು ಹೆಂಡತಿಯರಾದರೆ ಈ ಗೊಂದಲ ಇಲ್ಲವೇ ಇಲ್ಲ, ಅಪ್ಪ ಯಾರು ಅಂತ ಎಲ್ಲರಿಗೂ ಚೆನ್ನಾಗಿ ಗೊತ್ತಿರುತ್ತದೆ. ಅಂಥ ಎರಡನೇ ಮದುವೆಯ ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿದೆಯೇ ಅಂತ ನಮ್ಮ ಕರ್ನಾಟಕದಿಂದಲೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಇದು ದೊಡ್ಡ ಪೀಠ ನೋಡಬೇಕಾದ ವಿಷಯ ಅಂದರು. ಅಪ್ಪನ ಪಾಲಿಗೆ ಬರುವುದರಲ್ಲಿ ಮಾತ್ರ ಅವರಿಗೂ ಹಕ್ಕಿದೆ ಅಂತ ದೊಡ್ಡ ಪೀಠ ಹೇಳಿದ್ದು 2023ರ ಸೆಪ್ಟೆಂಬರ್ 1ರಂದು.